ಕಿಟಕಿ ಪಕ್ಕದ ಮಬ್ಬು

ಆ ದೊಡ್ಡ ಲೈಟು ಆರಿಸಿ ಬನ್ನಿ, ಸಣ್ಣದೊಂದು ಸಾಕು. ಹೊದಿಕೆ ಎಳ್ಕೊಳ್ಳೋರು ಎಳ್ಕೊಳ್ಳಿ, ಆದ್ರೆ ನಡುವೆ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಲಿಸಿ ಮಲಗಿಬಿಡ್ತೀನಿ. ಇದು ಯಾರೋ ಕಟ್ಟಿ ಹೇಳಿದ್ದಲ್ಲ. ನಮ್ಮ ಸ್ಟುಡಿಯೋ ಅಣ್ಣನಿಗೇ ಆಗಿದ್ದು. ನನ್ನ ದೊಡ್ಡಪ್ಪನ ಮಗ. ಮದುವೆ ಮನೇಲಿ ಎಲ್ಲರಿಗೂ ‘ಗದ್ದ ಸ್ವಲ್ಪ ಕೆಳಗೆ, ಸ್ವಲ್ಪ ಕೆಳಗೆ’ ಅಂತ ತಲೆ ತಿನ್ತಾನಲ್ಲ, ಅವನೇ.

ಅವತ್ತು ಕ್ಲಾಸು ಮುಗಿಸಿ ನಡ್ಕೊಂಡು ಮನೆಗೆ ಬರ್ತಿದ್ದ. ಎಂಟೂವರೆ ಆಗಿರಬಹುದು. ಆ ದಾರೀಲಿ ಒಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದು ಎಷ್ಟೋ ವರ್ಷ ಆಯ್ತು, ಈಗ ನೀರು ಸೇದೋರು ಯಾರೂ ಇಲ್ಲ. ಅಣ್ಣನ ಕಂಕುಳಲ್ಲಿ ಒಂದು ಕಂದು ಕವರು. ಬಾವಿ ದಾಟ್ತಾ ಇದ್ದ ಹಾಗೆ ಹಿಂದೆ ಚಪ್ಪಲಿ ಸದ್ದು... ಚಟಪ್. ಚಟಪ್. ದೊಡ್ಡೋರ ಕಾಲಿನದಲ್ಲ. ಎರಡು ಹೆಜ್ಜೆ ನಡೆಯೋದು, ಒಂದು ಕುಪ್ಪಳಿಸೋದು. ಅಣ್ಣ ನಿಂತ. ಸದ್ದೂ ನಿಂತಿತು... ಆದ್ರೆ ಒಂದು ಹೆಜ್ಜೆ ತಡವಾಗಿ.

ತಿರುಗಿ ನೋಡಿದ. ಬೀದಿ ದೀಪ ಉರೀತಾ ಇದೆ, ಅದರ ಕೆಳಗೆ ಯಾರೂ ಇಲ್ಲ. ಯಾರದೋ ಮನೆ ಮಗು ಓಡಿಹೋಗಿರಬೇಕು ಅಂತ ಸಮಾಧಾನ ಮಾಡ್ಕೊಂಡು ಮತ್ತೆ ನಡೆದ. ಚಟಪ್. ಚಟಪ್. ಈ ಸಲ ಹಿಂದೆ ಅಲ್ಲ, ಪಕ್ಕದಲ್ಲಿ. ಕವರು ಇದ್ದ ಕಡೆ. ಆಮೇಲೆ ಅವನ ಮೊಣಕೈ ಎತ್ತರದಲ್ಲಿ... ಪಿಸುಮಾತು.

“ಮಾಮಾ... ನಾನು ಅಲುಗಾಡ್ಲಿಲ್ಲ.”

ಅಣ್ಣ ಕವರನ್ನ ಎದೆಗೆ ಅವುಚಿಕೊಂಡ.

“ಇನ್ನೊಂದ್ಸಲ ತೆಗೀರಿ ಮಾಮಾ.”

ಅಷ್ಟೇ. ಆರಡಿ ಆಳು, ಮೀಸೆ ಬೇರೆ. ಓಡಿದ್ದು ಹೇಗೆ ಅಂದ್ರೆ ಒಂದು ಕಾಲಿನ ಚಪ್ಪಲಿ ಬಾವಿ ಹತ್ತಿರವೇ ಬಿದ್ದೋಯ್ತು. ನಗಬೇಡಿ. ನೀವಾಗಿದ್ರೆ ಎರಡೂ ಬಿಟ್ಟಿರ್ತಿದ್ರಿ.

ಯಾವ ಮಗು, ಏನು ಅಲುಗಾಡಿದ್ದು ಅಂತ ಕೇಳ್ತೀರಿ. ಅದಕ್ಕೆ ನಾಲ್ಕು ವಾರ ಹಿಂದಕ್ಕೆ ಹೋಗ್ಬೇಕು.

ಅಣ್ಣ ತನ್ನ ಸ್ಟುಡಿಯೋದ ಮೇಲಿನ ರೂಮಲ್ಲಿ ವಾರಕ್ಕೊಂದು ಸಂಜೆ ಕ್ಲಾಸು ಇಟ್ಟಿದ್ದ. ಕ್ಯಾಮೆರಾ ಹಿಡಿಯೋದು ಈಗ ಕಲೀತಿರೋರಿಗೆ. ಆ ಸಲದ ಪಾಠ ಮನೆಯೊಳಗಿನ ಫೋಟೋ. ಹೊರಗಡೆ ಯಾರು ಬೇಕಾದ್ರೂ ತೆಗೀತಾರೆ, ಸೂರ್ಯ ಅರ್ಧ ಕೆಲಸ ಮಾಡಿಕೊಡ್ತಾನೆ, ನಾಲ್ಕು ಗೋಡೆ ಮಧ್ಯೆ ತೆಗೆದು ತೋರಿಸಿ ಅಂತ ಅವನ ಸವಾಲು. ಒಟ್ಟು ಆರು ಜನ ಸೇರಿದ್ರು. ಪ್ರತಿಯೊಬ್ಬರೂ ತಮ್ಮ ಮನೆಯ ಒಂದೇ ಕೋಣೆಯನ್ನ ವಾರವಾರ ತೆಗೆದು ತರಬೇಕು, ಇವನು ಅಚ್ಚು ಹಾಕಿ ದಾರಕ್ಕೆ ಬಟ್ಟೆ ಕ್ಲಿಪ್ಪಲ್ಲಿ ನೇತುಹಾಕಿ ತಪ್ಪು ಒಪ್ಪು ಹೇಳ್ಬೇಕು.

ಹೇಳೋದಕ್ಕೂ ಅವನದೊಂದು ಪದ್ಧತಿ. ಅವನಿಗೆ ಕಲಿಸಿದ ಗುರು ಇದ್ದನಲ್ಲ, ಮಹಾ ಮುಂಗೋಪಿ. ಅಣ್ಣ ಮೊದಲನೇ ಸಲ ತೋರಿಸಿದ ಫೋಟೋನ ಎಲ್ಲರೆದುರಿಗೆ ಹರಿದು ಕೈಗೆ ಕೊಟ್ಟಿದ್ದನಂತೆ. ಅವತ್ತೇ ಇವನು ಆಣೆ ಮಾಡ್ಕೊಂಡ, ನಾನು ಮೇಷ್ಟ್ರಾದ್ರೆ ಯಾರ ಮನಸ್ಸೂ ನೋಯಿಸಲ್ಲ ಅಂತ. ಹಾಗಾಗಿ ಪ್ರತಿ ಫೋಟೋದ ಬೆನ್ನಿಗೆ ಪೆನ್ಸಿಲಲ್ಲಿ ಮೂರು ಸಾಲು ಬರೀತಾನೆ. ಎರಡು ಸಾಲು ಚೆನ್ನಾಗಿರೋದಕ್ಕೆ, ಮೂರನೇದು ತಿದ್ದೋದಕ್ಕೆ. ತಿದ್ದೋದು ಒಂದೇ, ಅದೂ ಮೆತ್ತಗೆ. ‘ನನ್ನ ನಾಲಿಗೆಯಿಂದ ಒಬ್ಬರೂ ಅತ್ತಿಲ್ಲ’ ಅಂತ ಹೇಳ್ಕೊಳ್ತಿದ್ದ. ಹೇಳ್ಕೊಳ್ಳೋ ಹಾಗೇ ಇದ್ದ, ಸುಳ್ಳು ಯಾಕೆ ಹೇಳ್ಲಿ.

ಆ ಆರು ಜನರಲ್ಲಿ ಒಬ್ಬಾಕೆ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಇಸ್ತ್ರಿ ಹಾಕೋರು. ದಿನಕ್ಕೆ ನೂರೈವತ್ತು ಬಿಳಿ ಹಾಸು, ಬೆಳಗ್ಗೆಯಿಂದ ಸಂಜೆವರೆಗೂ ನಿಂತೇ. ಮಣಿಕಟ್ಟಿನ ಮೇಲೆ ಸಣ್ಣಸಣ್ಣ ಸುಟ್ಟ ಗೆರೆ, ಬಟ್ಟೆಯಲ್ಲಿ ಗಂಜಿ ವಾಸನೆ. ಮಾತು ಕಮ್ಮಿ. ಇವರ ತಮ್ಮ ಹೊಸ ಫೋನು ಕೊಂಡಾಗ ತನ್ನ ಹಳೇ ಕ್ಯಾಮೆರಾನ ಇವರಿಗೆ ಕೊಟ್ಟಿದ್ದನಂತೆ. ಯಾಕೆ ಕಲೀಬೇಕು ಅನ್ನಿಸ್ತು ಅಂತ ಅಣ್ಣ ಎಲ್ಲರನ್ನೂ ಕೇಳಿದಾಗ ಉಳಿದೋರು ಏನೇನೋ ಹೇಳಿದ್ರು. ಈಕೆ ಮಾತ್ರ, ಒಂದು ಫೋಟೋ ಸ್ಪಷ್ಟವಾಗಿ ಬರ್ಬೇಕು, ಅಷ್ಟೇ ಅಂದ್ರು.

ಮೊದಲನೇ ವಾರ ಅವರು ತಂದಿದ್ದು ಒಂದು ಮಲಗೋ ಕೋಣೆ. ಮಂಚ, ಮೇಜು, ಕಿಟಕಿ, ಗೋಡೆ ಮೇಲೆ ಕ್ಯಾಲೆಂಡರು, ಪಕ್ಕದಲ್ಲಿ ಗಡಿಯಾರ. ಸಂಜೆ ಬೆಳಕು. ಕಿಟಕಿ ಪಕ್ಕದಲ್ಲಿ, ಮೇಜಿಗಿಂತ ಸ್ವಲ್ಪ ಎತ್ತರಕ್ಕೆ, ಬೂದುಬಣ್ಣದ ಒಂದು ಮಬ್ಬು. ಅಣ್ಣ ನೋಡಿದ, ತಲೆ ಆಡಿಸಿದ. ಬೆಳಕು ಕಮ್ಮಿ ಇದ್ರೆ ಕ್ಯಾಮೆರಾ ಜಾಸ್ತಿ ಹೊತ್ತು ಕಣ್ಣು ತೆರೆದಿರುತ್ತೆ, ಅಷ್ಟರಲ್ಲಿ ಕೈ ಅಲುಗಿದ್ರೆ ಹೀಗಾಗುತ್ತೆ ಅಂತ ಎಲ್ಲರಿಗೂ ವಿವರಿಸಿದ. ಆಮೇಲೆ ಬೆನ್ನಿಗೆ ಬರೆದ. ಕಿಟಕಿಯ ಬೆಳಕು ಆಯ್ದುಕೊಂಡಿದ್ದು ಒಳ್ಳೇದು. ಕೋಣೆಯ ಶಾಂತಿ ಕಾಣುತ್ತೆ. ಕೈ ಅಲುಗಾಡಿದೆ, ಮೊಣಕೈ ಪಕ್ಕೆಗೆ ಒತ್ತಿ ಉಸಿರು ಹಿಡೀರಿ.

ಆಕೆ ಅದನ್ನ ಓದಿ, ನನ್ನ ಕೈ ನಡುಗಲ್ಲ ಮೇಷ್ಟ್ರೇ ಅಂತ ಮೆತ್ತಗೆ ಅಂದ್ರಂತೆ. ಇವನು ನಕ್ಕ. ಎಲ್ಲರೂ ಹಾಗೇ ಅಂದ್ಕೊಳ್ತಾರೆ ಅಂದ.

ಎರಡನೇ ವಾರ ಮಬ್ಬು ಕಿಟಕಿ ಬಿಟ್ಟು ಮೇಜಿನ ಹತ್ತಿರ ಇತ್ತು, ಸ್ವಲ್ಪ ಚಿಕ್ಕದಾಗಿ. ಹಾಗಾದ್ರೆ ಲೆನ್ಸಿಗೆ ಕೊಳೆ ಹತ್ತಿದೆ, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಅಂದ. ಬಲ್ಬಿನ ಹಳದಿಯೂ ಕಿಟಕಿಯ ನೀಲಿಯೂ ಕಲಸಿಹೋಗಿದೆ, ಬಲ್ಬು ಆರಿಸಿ ಅಂದ. ಮೂರನೇ ವಾರ ಮಬ್ಬು ಇನ್ನೂ ಚಿಕ್ಕದು, ಕ್ಯಾಮೆರಾಕ್ಕೆ ಇನ್ನೂ ಹತ್ತಿರ. ಆಗ ಆಕೆ ಒಂದು ಪ್ರಶ್ನೆ ಕೇಳಿದ್ರು. ಅಣ್ಣ ಇವತ್ತಿಗೂ ಆ ಪ್ರಶ್ನೆ ಹೇಳುವಾಗ ಮುಖ ಆ ಕಡೆ ತಿರುಗಿಸ್ತಾನೆ.

“ಈ ಮಬ್ಬು... ಹೋಗ್ಬೇಕಾ ಮೇಷ್ಟ್ರೇ? ಇಲ್ಲಾ ಸ್ಪಷ್ಟ ಆಗ್ಬೇಕಾ?”

“ಎರಡೂ ಒಂದೇ ಅಲ್ವಾ ಅಮ್ಮ,” ಅಂದ ಇವನು.

ಅಂದುಬಿಟ್ಟು ಉಪಾಯವನ್ನೂ ಹೇಳಿಕೊಟ್ಟ. ಕ್ಯಾಮೆರಾನ ಕೈಯಲ್ಲಿ ಹಿಡೀಲೇಬೇಡಿ, ಸ್ಟೂಲ್ ಮೇಲಿಡಿ. ಪರದೆ ಪೂರ್ತಿ ಸರಿಸಿ. ಕಿಟಕಿಯ ಎದುರು ಗೋಡೆಗೆ ಬಿಳಿ ಹಾಸು ತೂಗಿಹಾಕಿ, ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತೆ, ಮೂಲೆಮೂಲೆಯೂ ಬೆಳಗುತ್ತೆ. ಆಗ ಕ್ಯಾಮೆರಾ ಕಣ್ಣು ಮಿಟುಕಿಸೋ ಅಷ್ಟರಲ್ಲಿ ಕೆಲಸ ಮುಗಿಸುತ್ತೆ, ಮಬ್ಬಿಗೆ ಸಮಯವೇ ಸಿಗಲ್ಲ. ಬಿಳಿ ಹಾಸುಗಳಿಗೆ ಆಕೆಗೇನು ಬರವೇ?

ನಾಲ್ಕನೇ ವಾರ ಕೊನೇ ಕ್ಲಾಸು. ಕೊನೇ ದಿನ ಅಣ್ಣ ಒಬ್ಬೊಬ್ಬರದೂ ನಾಲ್ಕು ಫೋಟೋನ ಸಾಲಾಗಿ ದಾರಕ್ಕೆ ಹಾಕ್ತಾನೆ, ಎಲ್ಲಿದ್ದೋರು ಎಲ್ಲಿಗೆ ಬಂದ್ರು ಅಂತ ಅವರಿಗೇ ಕಾಣಲಿ ಅಂತ. ಅದಕ್ಕೇ ಅಲ್ಲೀವರೆಗೂ ಎಲ್ಲರ ಫೋಟೋನೂ ಕವರಲ್ಲಿ ತನ್ನ ಹತ್ತಿರವೇ ಇಟ್ಕೊಂಡಿರ್ತಾನೆ. ಇಸ್ತ್ರಿ ಅಮ್ಮನ ನಾಲ್ಕು ನೇತುಹಾಕಿದ. ಮೊದಲನೇದರಲ್ಲಿ ಮಬ್ಬು ದೊಡ್ಡದು, ಎರಡನೇದರಲ್ಲಿ ಚಿಕ್ಕದು, ಮೂರನೇದರಲ್ಲಿ ಇನ್ನೂ ಚಿಕ್ಕದು. ನಾಲ್ಕನೇದರಲ್ಲಿ ಹಾಸಿಗೆಯ ಒಂದೊಂದು ಎಳೆಯೂ ಎಣಿಸಬಹುದು. ಕೋಣೆ ಫಳಫಳ ಅಂತಿದೆ. ಮಬ್ಬು ಇಲ್ಲ.

ಎಷ್ಟು ಚೆಂದ ಸುಧಾರಿಸಿದಾರೆ ನೋಡಿ, ಇಡೀ ಬ್ಯಾಚಿಗೆ ಇವರೇ ಮೊದಲು ಅಂದ ಅಣ್ಣ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಆಕೆ ಮಾತ್ರ ನಾಲ್ಕನೇ ಫೋಟೋ ಮುಂದೆ ಹಾಗೇ ನಿಂತಿದ್ರು. ಆಮೇಲೆ, ಮೊದಲಿನ ಹಾಗೆ ಮತ್ತೆ ತೆಗೆಯೋಕೆ ಏನು ಮಾಡ್ಬೇಕು ಅಂತ ಕೇಳಿದ್ರು. ಅಣ್ಣನಿಗೆ ಅರ್ಥ ಆಗ್ಲಿಲ್ಲ. ಹಾಳಾದ ಫೋಟೋ ಯಾರು ಮತ್ತೆ ತೆಗೀತಾರೆ ಅಂತ ತಮಾಷೆ ಮಾಡಿದ. ಆಕೆ ಚೀಲ ತಗೊಂಡು ಮೆಟ್ಟಿಲಿಳಿದು ಹೋದ್ರು, ಫೋಟೋ ಕೂಡ ತಗೊಳ್ಳಲಿಲ್ಲ. ಆ ನಾಲ್ಕನ್ನೂ ನಾಳೆ ಕೊಟ್ಟು ಬರೋಣ ಅಂತ ಅಣ್ಣ ಕವರಿಗೆ ಹಾಕ್ಕೊಂಡು ಹೊರಟ. ಹೊರಟಿದ್ದೇ ಬಾವಿ ದಾರಿ.

ಈಗ ಗೊತ್ತಾಯ್ತಲ್ಲ ಕಂಕುಳಲ್ಲಿ ಏನಿತ್ತು ಅಂತ.

ಮನೆಗೆ ಬಂದು ಬಾಗಿಲು ಹಾಕಿದ. ಅಲುಗಾಡ್ಲಿಲ್ಲ, ಅಲುಗಾಡ್ಲಿಲ್ಲ... ಅದೇ ಮಾತು ಕಿವೀಲಿ. ಅಲುಗಾಡಿದೆ ಅನ್ನೋದು ಅವನದೇ ಮಾತು, ಮೊದಲನೇ ಫೋಟೋದ ಬೆನ್ನಿಗೆ ಅವನೇ ಬರೆದಿದ್ದು. ಕವರು ಬಿಚ್ಚಿ ಆ ಫೋಟೋನ ಮೇಜಿನ ದೀಪದ ಕೆಳಗಿಟ್ಟು ಭೂತಗನ್ನಡಿ ಹಿಡಿದ. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ!

ಮೊದಲು ಗೋಡೆ ನೋಡಿದ. ಕ್ಯಾಲೆಂಡರಿನ ಅಂಕಿಗಳು ಒಂದೊಂದೂ ಚೂಪಾಗಿವೆ. ಗಡಿಯಾರದ ಸೆಕೆಂಡು ಗೆರೆಗಳೂ ಅಷ್ಟೇ. ಮೇಜಿನ ಅಂಚು ಅಂದ್ರೆ ಅಂಚು. ಮೂವತ್ತು ವರ್ಷದ ಕಸುಬು, ಒಂದು ಚಿಕ್ಕ ವಿಷಯ ಮರೆತಿದ್ದ. ಕೈ ನಡುಗಿದ್ರೆ ಗೋಡೆಯೂ ನಡುಗಬೇಕು. ಇಡೀ ಫೋಟೋ ಮಬ್ಬಾಗಬೇಕು. ಇಲ್ಲಿ ಎಲ್ಲ ನಿಂತಿದೆ... ಒಂದು ಮಾತ್ರ ಅಲುಗಿದೆ. ಅಂದ್ರೆ ಅಲುಗಿದ್ದು ಕೈಯಲ್ಲ. ಕೋಣೆಯೊಳಗೆ ಯಾರೋ.

ಎರಡನೇದರಲ್ಲಿ ಆ ಯಾರೋ ಮೇಜಿನ ಹತ್ತಿರ. ಮೂರನೇದರಲ್ಲಿ ಕ್ಯಾಮೆರಾ ಕಡೆಗೆ ತಿರುಗ್ತಾ ಇರೋದು. ಚಿಕ್ಕದಾಗಿರಲಿಲ್ಲ ಅದು, ಮುದುರಿಕೊಂಡು ನಿಂತಿತ್ತು. ಅಲುಗಾಡಬಾರದು ಅಂತ ಮೈಯೆಲ್ಲ ಬಿಗಿ ಹಿಡ್ಕೊಂಡು. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ. ಊರಿಗೆಲ್ಲ ಬೆಳಕಿನ ಪಾಠ ಹೇಳೋನಿಗೆ ಕಣ್ಣೆದುರಿಗಿದ್ದದ್ದು ಕಾಣಲಿಲ್ಲ.

ಬೆಳಗಾಗೋದೇ ತಡ, ಆಕೆ ಮನೆಗೆ ಹೋದ. ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲು ತೆರೆದ ಆಕೆಯ ಕಣ್ಣು ಊದಿಕೊಂಡಿತ್ತು. ಇವನು ಕವರು ಮುಂದೆ ಹಿಡಿದು, ಯಾರಮ್ಮ ಇದು ಅಂತ ಕೇಳಿದ. ಆಕೆ ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳಿದ್ರು.

ಮಗಳು. ಏಳು ವರ್ಷ. ಎರಡು ವರ್ಷದ ಹಿಂದೆ ಜ್ವರ ಬಂದು ನಾಲ್ಕು ದಿನಕ್ಕೆ ಹೋಗಿಬಿಟ್ಟಿತ್ತು. ಒಂದು ಕ್ಷಣ ನಿಂತಲ್ಲಿ ನಿಲ್ಲದ ಮಗುವಂತೆ. ಯಾರು ಫೋಟೋ ತೆಗೆದ್ರೂ ಬೆನ್ನೋ ಜಡೆಯೋ ಬರ್ತಿತ್ತು, ಮುಖ ಒಂದೂ ಬಂದಿಲ್ಲ. ಕೊನೇ ಸಲ ಆಕೆಯ ತಮ್ಮ ಈ ಕ್ಯಾಮೆರಾ ತಂದಿದ್ದಾಗ ಆಕೆಗೇ ಸಿಟ್ಟು ಬಂದು, ಅಲುಗಾಡೋ ಮಕ್ಕಳಿಗೆ ಫೋಟೋ ಇಲ್ಲ ಹೋಗು ಅಂತ ಗದರಿಸಿ ಕ್ಯಾಮೆರಾ ಒಳಗಿಡಿಸಿದ್ರು. ಅದಾಗಿ ಎರಡೇ ವಾರಕ್ಕೆ ಜ್ವರ. ಈಗ ಕ್ಯಾಮೆರಾ ಕೈಗೆ ಬಂದಾಗ, ಕೆಲಸ ಮಾಡುತ್ತಾ ನೋಡೋಣ ಅಂತ ಖಾಲಿ ಕೋಣೆ ಕಡೆ ಒಂದು ಸಲ ಒತ್ತಿದ್ರು. ಕಿಟಕಿ ಪಕ್ಕದಲ್ಲಿ ಅದು ಬಂದಿತ್ತು. ಎತ್ತರ ನೋಡಿದ ಕೂಡಲೇ ಗೊತ್ತಾಯ್ತಂತೆ. ಹೆತ್ತೋರಿಗೆ ಎತ್ತರ ಸಾಕು.

ಮುಖ ಒಂದು ಸಲ ಸ್ಪಷ್ಟವಾಗಿ ನೋಡ್ಬೇಕು ಅಂತ ನಿಮ್ಮ ಹತ್ತಿರ ಬಂದೆ ಮೇಷ್ಟ್ರೇ ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅಂತಾನೆ ಅಣ್ಣ. ಯಾರನ್ನೂ ಅಳಿಸಬಾರದು ಅಂತ ಮೆತ್ತಗೆ ಮೆತ್ತಗೆ ಹೇಳಿಕೊಟ್ಟು, ಒಬ್ಬ ತಾಯಿಯ ಕೈಯಿಂದಲೇ ಮಗೂನ ಕೋಣೆಯಿಂದ ಆಚೆ ಕಳಿಸಿದ್ದ.

ಆ ಬೆಳಗ್ಗೆಯೆಲ್ಲ ಕೂತು, ಹೇಳಿಕೊಟ್ಟಿದ್ದನ್ನೆಲ್ಲ ಒಂದೊಂದಾಗಿ ವಾಪಸ್ ತಗೊಂಡ. ಬಿಳಿ ಹಾಸು ಇಳಿಸಿದ, ಪರದೆ ಅರ್ಧ ಎಳೆದ, ಬಲ್ಬು ಹಾಕಿದ, ಕ್ಯಾಮೆರಾ ಕಣ್ಣು ನಿಧಾನ ಮಾಡಿದ. ಇಪ್ಪತ್ತು ಸಲ ಒತ್ತಿರಬಹುದು. ಕ್ಲಿಕ್... ಕ್ಲಕ್. ಕ್ಲಿಕ್... ಕ್ಲಕ್. ಇಪ್ಪತ್ತರಲ್ಲೂ ಖಾಲಿ ಕೋಣೆ. ಹೋಗು ಅಂದ್ರೆ ಹೋಗಿಬಿಡ್ತಾರಲ್ಲ ಮಕ್ಕಳು, ಅಷ್ಟು ವಿಧೇಯ ಯಾಕಾಗ್ತಾರೋ.

ಆಗ ಅಣ್ಣ ಬಾವಿ ವಿಷಯ ಹೇಳಿದ. ಚಪ್ಪಲಿ ಸದ್ದು, ಪಕ್ಕದಲ್ಲಿ ನಡೆದಿದ್ದು, ಆ ಮಾತು. ಆಕೆ ನಿಂತಲ್ಲೇ ನೆಲಕ್ಕೆ ಕೂತ್ರು.

“ಹಾಗಂದ್ಲಾ? ಅಲುಗಾಡ್ಲಿಲ್ಲ ಅಂತ ಅಂದ್ಲಾ?”

“ಹೌದಮ್ಮ.”

“ನಾನು ಆವಾಗ ಹೇಳಿದ್ದನ್ನ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದಾಳೆ,” ಅಂದ್ರು. ಅಂದು ಬಾಯಿಗೆ ಬಟ್ಟೆ ಒತ್ತಿಕೊಂಡ್ರು.

ಆಕೆ ತಕ್ಷಣ ಬಾವಿಗೆ ಹೊರಟು ನಿಂತ್ರು. ಬೇಡ ಅಂದ ಇವನು. ಅವಳು ನನ್ನ ಜೊತೆ ಬಂದಿದ್ದು, ನಾನೇ ಕರ್ಕೊಂಡು ಬರ್ತೀನಿ. ನೀವು ಮನೇಲಿರಿ, ಮಗು ಬಂದಾಗ ಮನೇಲಿ ಯಾರಾದ್ರೂ ಇರ್ಬೇಕಲ್ಲ ಅಂದ. ಎಲ್ಲಿಂದ ಬಂತೋ ಆ ಧೈರ್ಯ. ಹಿಂದಿನ ದಿನ ಚಪ್ಪಲಿ ಬಿಟ್ಟು ಓಡಿದ ಆಸಾಮಿ.

ಸಂಜೆ ದೀಪ ಹತ್ತೋ ಹೊತ್ತಿಗೆ ಬಾವಿ ಹತ್ತಿರ ಹೋದ. ಜಾಲರಿ ಪಕ್ಕ ನಿಂತ. ಗಾಳಿ ಇಲ್ಲ. ದೂರದಲ್ಲಿ ಯಾರೋ ಅಂಗಡಿ ಬಾಗಿಲು ಎಳೆದ ಸದ್ದು, ಘರ್‍ರ್... ಅಷ್ಟೇ. ಕೊನೆಗೆ ಸಣ್ಣ ದನೀಲಿ, “ತಪ್ಪು ನಂದೇ ಪುಟ್ಟಿ. ಬಾ, ಅಮ್ಮ ಕಾಯ್ತಿದಾರೆ,” ಅಂದ.

ಸ್ವಲ್ಪ ಹೊತ್ತು ಏನೂ ಇಲ್ಲ...

ಆಮೇಲೆ ಚಟಪ್. ಚಟಪ್.

ಅಣ್ಣ ಹಿಂದೆ ತಿರುಗಲಿಲ್ಲ. ಆರಡಿಯೋನು ಮಗುವಿನ ಹೆಜ್ಜೆ ಹಾಕ್ತಾ ನಡೆದ, ಅದಕ್ಕೆ ಸಮ ಬರಲಿ ಅಂತ. ದಾರೀಲಿ ಎರಡು ಸಲ ಸದ್ದು ನಿಂತಿತಂತೆ. ಎರಡು ಸಲವೂ ಇವನೂ ನಿಂತ. ಒಂದು ಬೆಕ್ಕು ಅಡ್ಡ ಬಂದಾಗ, ಇನ್ನೊಂದು ಸಲ ಸುಮ್ಮನೆ. ಮಕ್ಕಳಿಗೆ ನಿಲ್ಲೋಕೆ ಕಾರಣ ಬೇಕೇ? ಮತ್ತೆ ಸದ್ದು ಶುರುವಾದ ಮೇಲೆ ಇವನೂ ಹೆಜ್ಜೆ ಎತ್ತಿದ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡೀತು.

ಮನೆ ಬಾಗಿಲು ತೆರೆದೇ ಇತ್ತು. ಹೊಸಿಲ ಹತ್ತಿರ ಸದ್ದು ನಿಂತಿತು. ಆಮೇಲೆ ಎರಡು ಸಣ್ಣ ಸದ್ದು... ಟಪ್. ಟಪ್. ಚಪ್ಪಲಿ ಬಿಟ್ಟಿದ್ದು. ಒಳಗೆ ಮಂಚದ ಮೇಲೆ ಕೂತಿದ್ದ ಆಕೆಗೂ ಅದು ಕೇಳಿಸಿತು. ಎದ್ದು ಬರೋಕೆ ಹೋಗಿ ಮತ್ತೆ ಕೂತ್ರು, ಎಲ್ಲಿ ಹೆದರಿಬಿಡುತ್ತೋ ಅಂತ. ಎರಡು ಕೈಯನ್ನೂ ಪಕ್ಕದಲ್ಲಿ ಹಾಸಿಗೆ ಮೇಲೆ ಇಟ್ಕೊಂಡ್ರು.

ಅಣ್ಣ ಕ್ಯಾಮೆರಾನ ಸ್ಟೂಲ್ ಮೇಲಿಟ್ಟು ಆಕೆ ಕಡೆಗೇ ತಿರುಗಿಸಿದ. ನಾಲ್ಕು ಸೆಕೆಂಡು ತೆರೆದಿರೋ ಹಾಗೆ ಮಾಡಿದ. ಫ್ಯಾನು ಆರಿಸಿದ್ರು, ಕಿಟಕಿ ಮುಚ್ಚಿತ್ತು.

ಆಕೆ ಯಾರನ್ನೂ ನೋಡದೆ ಪಿಸುದನೀಲಿ ಹೇಳಿದ್ರು. “ಅಲುಗಾಡು ಪರವಾಗಿಲ್ಲ ಕಂದ. ಎಷ್ಟು ಬೇಕೋ ಅಷ್ಟು ಅಲುಗಾಡು.”

ಕ್ಲಿಕ್. ಒಂದು... ಎರಡು... ಮೂರು... ನಾಲ್ಕು. ಕ್ಲಕ್.

ಒಂದೇ ಫೋಟೋ ತೆಗೆದಿದ್ದು. ಎರಡನೇದಕ್ಕೆ ಅಣ್ಣನ ಕೈ ಬರಲಿಲ್ಲ. ಆ ಸಂಜೆ ಆದ ಮೇಲೆ ಬಾವಿ ಹತ್ತಿರ ಅವನಿಗೆ ಏನೂ ಕೇಳಿಸಿಲ್ಲ, ಆ ಕೋಣೆಯಲ್ಲೂ ಯಾವ ಮಬ್ಬೂ ಬಂದಿಲ್ಲ. ಆ ತಾಯಿ ಕೇಳಿದ್ದು ಒಂದೇ ಒಂದು, ಮಗುವಿನ ಮುಖ. ಅದು ಸಿಗಲಿಲ್ಲ.

ಆದ್ರೆ ಆ ಫೋಟೋ ಇದೆ. ಆಕೆ ಮನೇಲಿದೆ, ಅಣ್ಣ ನನ್ನನ್ನ ಕರ್ಕೊಂಡು ಹೋಗಿ ತೋರಿಸಿದಾನೆ. ಸರ್ಟಿಫಿಕೇಟು ಅಸಲೋ ನಕಲೋ ನೋಡೋ ಆಫೀಸಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದೋಳು ನಾನು, ಕಾಗದ ನನಗೆ ಸುಳ್ಳು ಹೇಳಲ್ಲ. ಮಂಚದ ಮೇಲೆ ಆಕೆ ಒಬ್ಬರೇ ಕೂತಿದಾರೆ. ಪಕ್ಕದಲ್ಲಿ ಯಾರೂ ಇಲ್ಲ. ನಾಲ್ಕು ಸೆಕೆಂಡು ಆಕೆ ಉಸಿರೂ ಬಿಟ್ಟಿಲ್ಲ ಅನ್ಸುತ್ತೆ, ರೆಪ್ಪೆಗೂದಲೂ ಎಣಿಸಬಹುದು. ಮಣಿಕಟ್ಟಿನ ಸುಟ್ಟ ಗೆರೆ ಕಾಣುತ್ತೆ. ಹಾಸಿಗೆ ಮೇಲಿಟ್ಟ ಎಡಗೈಯ ನಾಲ್ಕು ಬೆರಳೂ ಉಗುರಿನ ಸಮೇತ ಸ್ಪಷ್ಟ. ಕಿರುಬೆರಳು ಮಾತ್ರ ಮಬ್ಬು. ಯಾರೋ ಹಿಡ್ಕೊಂಡು ಜಗ್ಗಾಡಿದ ಹಾಗೆ, ಆ ಕಡೆ ಈ ಕಡೆ. ನಾನು ನಂಬದೆ ಉಗುರಲ್ಲಿ ಕೆರೆದೂ ನೋಡಿದೆ. ಹೋಗಲಿಲ್ಲ.